ಅಲುಮ್ನಿಗಳೂ ಅಲ್ಯೂಮಿನಿಯಂ ತಟ್ಟೆಯೂ

"ನಮ್ಮ ಹಳೆಯ ಸಹಪಾಠಿಗಳ ಕೂಟಕ್ಕೆ ಒಂದು ಬ್ಯಾನರ್ ಬೇಕು. ಅಳತೆ ಹತ್ತಡಿಗೆ ಆರಡಿ. ಮೇಲೆ ದಪ್ಪಕ್ಷರದಲ್ಲಿ 'ಅಲುಮ್ನಿ ಮೀಟ್' ಎಂದು ಇಂಗ್ಲಿಷಿನಲ್ಲಿ ಬರಬೇಕು. ಅದರ ಕೆಳಗೆ '1970ರ ಎಸ್ಸೆಸ್ಸೆಲ್ಸಿ ಬ್ಯಾಚ್'. ಅದರ ಕೆಳಗೆ ನಮ್ಮೆಲ್ಲರ ಭಾವಚಿತ್ರ. ನನ್ನದು ಸ್ವಲ್ಪ ದೊಡ್ಡದಾಗಿರಲಿ," ಎಂದ ರುದ್ರಣ್ಣ.

"ನಿನ್ನದೇಕೆ ದೊಡ್ಡದು?" ಎಂದರು ವಕೀಲ ಗುಂಡೂರಾಯರು.

"ಮುಖವೇ ದೊಡ್ಡದಲ್ಲವೇ ರಾಯರೇ. ಹುಣಸೆಹಣ್ಣಿನ ಮಂಡಿಯಲ್ಲಿ ಐವತ್ತು ವರ್ಷ ಕುಳಿತ ಮುಖ. ಹುಳಿಗೆ ಹಿಗ್ಗಿದೆ."

ಮಂಜು ಕೀಲಿಮಣೆ ಕುಟ್ಟಿದ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ 'ಅಲ್ಯೂಮಿನಿಯಂ ಮೀಟ್' ಎಂದು ಮೂಡಿತು. ಅಳಿಸಿ ಮತ್ತೆ ಕುಟ್ಟಿದ. ಮತ್ತೆ ಅಲ್ಯೂಮಿನಿಯಂ.

"ತಾತ, ನಾನು ಸರಿಯಾಗಿಯೇ ಹೊಡೆಯುತ್ತಿದ್ದೇನೆ. ಕಂಪ್ಯೂಟರ್ ತಿದ್ದುತ್ತಿದೆ."

"ತಿದ್ದಲಿ ಬಿಡು," ಎಂದ ನಂಜಪ್ಪ, ಕನ್ನಡಕದ ಮೇಲಿನಿಂದ ನೋಡುತ್ತ. "ಈ ತುಮಕೂರಿನಲ್ಲಿ ತಪ್ಪು ತಿದ್ದುವ ಪ್ರಾಣಿ ಅದೊಂದೇ ಉಳಿದಿರುವುದು."

ನಂಜಪ್ಪನ ಪ್ರೆಸ್ ಈಗ ಪ್ರೆಸ್ ಅಲ್ಲ, ಮಗನ ಫ್ಲೆಕ್ಸ್ ಅಂಗಡಿ. (ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿತು. ಅಂದಿನಿಂದ ಊರಿನಲ್ಲಿ ಫ್ಲೆಕ್ಸ್ ಎಂಬುದೇ ಇಲ್ಲ, ಬರೀ ಬ್ಯಾನರ್.) ಅಚ್ಚಿನ ಮೊಳೆ ಜೋಡಿಸಿದ ಬೆರಳುಗಳಿಗೆ ಈಗ ಕೆಲಸವಿಲ್ಲದ್ದರಿಂದ ನಾಲಿಗೆಗೆ ಹೆಚ್ಚಿನ ಕೆಲಸ ಬಿದ್ದಿದೆ.

"ಬ್ಯಾನರಿಗೆ ಬಂದವನಿಗೆ ಬುದ್ಧಿ ಹೇಳಬೇಡ ನಂಜಪ್ಪ. ಅಡಿಗೆ ಎಷ್ಟಾಗುತ್ತದೆ ಹೇಳು," ಎಂದ ರುದ್ರಣ್ಣ.

"ಹೇಳುತ್ತೇನೆ. ಮೊದಲು ಇದು ಕೇಳು. ಈ ಸಲ ಈ ಅಂಗಡಿಯಿಂದ ಹೊರಟ ಬ್ಯಾನರ್‌ಗಳಲ್ಲಿ ಮದುವೆಗಿಂತ ಅಲುಮ್ನಿಯೇ ಹೆಚ್ಚು. ಪಿಯುಸಿ ಅಲುಮ್ನಿ, ಐಟಿಐ ಅಲುಮ್ನಿ, ಹೋಗಲಿ ಎನ್ನೋಣ. ಮೂರು ದಿನದ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹೋಗಿಬಂದವರೂ ಅಲುಮ್ನಿ. ಮೊನ್ನೆ ಒಂದು ಶಿಶುವಿಹಾರದವರು ಬಂದಿದ್ದರು. ಯುಕೆಜಿ ಮುಗಿಸಿದ ಮಕ್ಕಳಿಗೆ ಕಪ್ಪು ಗೌನು, ಚೌಕದ ಟೋಪಿ, ಕೈಯಲ್ಲಿ ಸುರುಳಿ. ಬ್ಯಾನರಿನ ಮೇಲೆ 'ನಮ್ಮ ಹೆಮ್ಮೆಯ ಅಲುಮ್ನಿ'. ಆ ಅಲುಮ್ನಿಯಲ್ಲಿ ಒಬ್ಬ ಇಲ್ಲಿಯೇ ಚಡ್ಡಿ ಒದ್ದೆ ಮಾಡಿಕೊಂಡ. ಇನ್ನೊಂದು ಡ್ರೈವಿಂಗ್ ಸ್ಕೂಲಿನದು. ಅವರೆಲ್ಲ ಒಂದೇ ದಿನ ಒಂದೇ ಕಡೆ ಸೇರಿದರೆ ಬಿ.ಎಚ್. ರಸ್ತೆಯಲ್ಲಿ ನಾವು ನಡೆಯುವುದು ಹೇಗೆ?"

"ನನ್ನ ಅಳಿಯನ ಕಂಪನಿಯಲ್ಲಿ ಕೆಲಸದಿಂದ ತೆಗೆದವರನ್ನೂ ಅಲುಮ್ನಿ ಎನ್ನುತ್ತಾರಂತೆ," ಎಂದರು ಗುಂಡೂರಾಯರು.

"ಅದು ನ್ಯಾಯ. ಕತ್ತು ಹಿಡಿದು ನೂಕಿದ ಮೇಲೆ ಕೈಗೆ ಒಂದು ಲ್ಯಾಟಿನ್ ಪದವನ್ನಾದರೂ ಕೊಟ್ಟು ಕಳುಹಿಸಬೇಕಲ್ಲ."

ರುದ್ರಣ್ಣನಿಗೆ ಸಹನೆ ತಪ್ಪುತ್ತಿತ್ತು. "ಎಲ್ಲರೂ ಅಲುಮ್ನಿಯಾದರೆ ನಿನಗೇನು ನಷ್ಟ? ನಾನೂ ಅಲುಮ್ನಿ, ನೀನೂ ಅಲುಮ್ನಿ."

"ಅಲ್ಲ. ನೀನು ಅಲುಮ್ನಿ ಆಗಲಾರೆ. ಅಲುಮ್ನಿ ಬಹುವಚನ ಕಣಯ್ಯಾ. ಒಬ್ಬನಾದರೆ ಅಲುಮ್ನಸ್. 'ನಾನು ಆ ಶಾಲೆಯ ಅಲುಮ್ನಿ' ಎಂದರೆ 'ನಾನು ಆ ಶಾಲೆಯ ವಿದ್ಯಾರ್ಥಿಗಳು' ಎಂದಂತೆ."

"ಅದರಲ್ಲಿ ತಪ್ಪೇನು? 'ಜಿಲ್ಲಾಧಿಕಾರಿಗಳು ಬಂದರು' ಎನ್ನುತ್ತೇವೆ. ಎಷ್ಟು ಜನ ಬಂದರು? ಒಬ್ಬರು. ದೊಡ್ಡವರಿಗೆ ಬಹುವಚನ ನಮ್ಮ ಸಂಪ್ರದಾಯ."

ಈ ಪೆಟ್ಟು ಚೆನ್ನಾಗಿಯೇ ಬಿತ್ತು. ಗುಂಡೂರಾಯರು ತೊಡೆ ತಟ್ಟಿದರು. ನಂಜಪ್ಪ ಮಾತ್ರ ಅಲ್ಲಾಡಲಿಲ್ಲ.

"ಬೇರೆಯವರು ಕೊಟ್ಟರೆ ಅದು ಗೌರವ. ತನಗೆ ತಾನೇ ಕೊಟ್ಟುಕೊಂಡರೆ ಏನೆನ್ನುತ್ತಾರೆ? ಇವತ್ತು ರಾತ್ರಿ ನಿನ್ನ ಮನೆಯ ಮುಂದೆ ನಿಂತು 'ರುದ್ರಣ್ಣನವರು ಬಂದಿದ್ದೇವೆ, ಬಾಗಿಲು ತೆಗೆಯಿರಿ' ಎಂದು ಕೂಗು. ನಿನ್ನ ಹೆಂಡತಿ ತೆಗೆಯುತ್ತಾಳೋ ನೋಡೋಣ."

"ಆಕೆ ಏಕವಚನದಲ್ಲಿ ಕೂಗಿದರೂ ತೆಗೆಯುವುದಿಲ್ಲ. ಅದು ಬೇರೆ ವಿಷಯ. ಮಠಾಧೀಶರು ತಮ್ಮನ್ನು ತಾವೇ 'ನಾವು' ಎನ್ನುವುದಿಲ್ಲವೇ?"

"ಅವರ ಹಿಂದೆ ಭಕ್ತರಿದ್ದಾರೆ. ನಿನ್ನ ಹಿಂದೆ ಯಾರಿದ್ದಾರೆ?"

"ಸಾಲ ಕೊಟ್ಟವರು."

ಗುಂಡೂರಾಯರು ಮೊಕದ್ದಮೆಯನ್ನು ತಮ್ಮ ಕೈಗೆ ತೆಗೆದುಕೊಂಡರು. "ನಂಜಪ್ಪ, ಒಂದು ಮಾತು. ಡೇಟಾ, ಮೀಡಿಯಾ, ಅಜೆಂಡಾ ಇವೂ ಲ್ಯಾಟಿನ್ ಬಹುವಚನಗಳೇ. ಸಭೆಗೆ ಒಂದೇ ಅಜೆಂಡಾ ಎಂದು ಇಂಗ್ಲೆಂಡಿನವರೇ ಒಪ್ಪಿಕೊಂಡಿದ್ದಾರೆ. ಈ ಅಲುಮ್ನಿಯ ಮೇಲೆ ಮಾತ್ರ ನಿನಗೆ ಏಕೆ ಹಗೆ?"

"ಅಜೆಂಡಾ ತನ್ನ ಬಗ್ಗೆ ತಾನೇ ಹೇಳಿಕೊಂಡು ತಿರುಗುವುದಿಲ್ಲ, ಅದಕ್ಕೆ. 'ಅಲುಮ್ನಿಗಳು' ಎಂದು ಬಾಲ ಸೇರಿಸಿದರೂ ನನಗೆ ಬೇಸರವಿಲ್ಲ. ನಮ್ಮ ಮನೆಗೆ ಬಂದ ಪದ ನಮ್ಮ ಪಂಚೆ ಉಡಲಿ. ಆದರೆ ಒಬ್ಬನೇ ಒಬ್ಬ ಮನುಷ್ಯ, ಅದೂ ನಾಲ್ಕನೆಯ ಸಲಕ್ಕೆ ಪಾಸಾದವನು, ಎದೆಯುಬ್ಬಿಸಿ ತನ್ನನ್ನು ಗುಂಪು ಎಂದು ಕರೆದುಕೊಳ್ಳುವುದನ್ನು ಕಂಡರೆ ನನ್ನ ರಕ್ತದೊತ್ತಡ ಏರುತ್ತದೆ. ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಮೊಳೆ ಜೋಡಿಸುವಾಗ ಈ ಒಂದು ಅಕ್ಷರಕ್ಕಾಗಿ ಪ್ರಾಂಶುಪಾಲರು ಎಂಟು ಪುಟದ ಫಾರಂ ಬಿಚ್ಚಿಸಿದ್ದರು. ಬೈದು ಬಿಡಲಿಲ್ಲ, ಕೂರಿಸಿಕೊಂಡು ಅರ್ಧ ಗಂಟೆ ಲ್ಯಾಟಿನ್ ಹೇಳಿದರು. ಕೂಲಿ ಅದಕ್ಕೂ ಕೊಟ್ಟರು."

ಅಷ್ಟರಲ್ಲಿ ಸರೋಜಮ್ಮ ತರಕಾರಿ ಚೀಲದೊಂದಿಗೆ ಒಳಗೆ ಬಂದರು. ಟೀ ಶರ್ಟಿನ ಅಳತೆ ಕೊಡಲು ಬಂದವರು. ಎಪ್ಪತ್ತು ದಾಟಿ ಮೊಮ್ಮಕ್ಕಳನ್ನು ಕಂಡವರೆಲ್ಲರೂ ನೀಲಿ ಟೀ ಶರ್ಟ್ ತೊಟ್ಟು ಅಮಾನಿಕೆರೆಯ ಏರಿಯ ಮೇಲೆ ಡ್ರೋನ್ ಕ್ಯಾಮೆರಾಕ್ಕೆ ಕೈ ಬೀಸಬೇಕೆಂಬುದು ರುದ್ರಣ್ಣನ ಯೋಜನೆ.

"ಸೀರೆಯ ಮೇಲೆ ಹಾಕಿಕೊಳ್ಳಬೇಕೋ ಸೀರೆಯ ಒಳಗೋ, ಮೊದಲು ಅದನ್ನು ಹೇಳಿ," ಎಂದರು ಸರೋಜಮ್ಮ. "ಆಮೇಲೆ ನನ್ನ ಬೆನ್ನಿನ ಮೇಲೆ ಏನು ಅಚ್ಚಾಗುತ್ತದೆ ಎಂಬುದನ್ನೂ."

"ನಿಮಗೆ ಅಲುಮ್ನಾ," ಎಂದ ನಂಜಪ್ಪ. "ಹೆಣ್ಣು, ಏಕವಚನ. ಹೆಣ್ಣುಮಕ್ಕಳೇ ಹಲವರಾದರೆ ಕೊನೆಯ ಅಕ್ಷರ ಮತ್ತೆ ಬದಲಾಗುತ್ತದೆ. ನಮ್ಮ ತರಗತಿಯ ಆರು ಜನ ಹುಡುಗಿಯರು ಒಂದು ಕೋಣೆಯಲ್ಲಿ ಕುಳಿತಿದ್ದೀರಿ ಎನ್ನಿ. ಅದು ಸ್ತ್ರೀಲಿಂಗದ ಬಹುವಚನ. ಈ ರುದ್ರಣ್ಣ ಬಾಗಿಲಿನಿಂದ ತಲೆ ಒಳಗೆ ಹಾಕಿದನೆಂದರೆ ಮುಗಿಯಿತು, ಇಡೀ ಕೋಣೆ ಪುಲ್ಲಿಂಗ. ಅಲುಮ್ನಿ."

"ಅಂದರೆ ನಮ್ಮ ಮನೆಯ ಹಳೆಯ ಪಡಿತರ ಚೀಟಿಯ ಹಾಗೆ."

"ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ಇಂಗ್ಲಿಷಿನವರು ಗಂಡಸರ ಗುಂಪನ್ನು 'ಅಲಮ್ನೈ' ಎನ್ನುತ್ತಾರೆ, ಹೆಂಗಸರ ಗುಂಪನ್ನು 'ಅಲಮ್ನೀ' ಎನ್ನುತ್ತಾರೆ. ಹಳೆಯ ರೋಮಿನ ಉಚ್ಚಾರಣೆಯಲ್ಲಿ ಸರಿಯಾಗಿ ತಿರುಗುಮುರುಗು: ಗಂಡಸರು 'ಅಲುಮ್ನೀ', ಹೆಂಗಸರು 'ಅಲುಮ್ನೈ'. ಬೆಂಗಳೂರಿನಿಂದ ಯಾರಾದರೂ ಬಂದು ನಾಲಿಗೆ ತಿರುಗಿಸಿ 'ಡಿಯರ್ ಅಲಮ್ನೈ' ಎಂದರೆ, ಜೂಲಿಯಸ್ ಸೀಸರ್ ಸಭೆಯಲ್ಲಿದ್ದರೆ, ಗಂಡಸರೆಲ್ಲ ಎಲ್ಲಿಗೆ ಹೋದರು ಎಂದು ಹುಡುಕುತ್ತಾನೆ."

"ನಾವು ಅಲುಮ್ನಿ ಎನ್ನುತ್ತೇವಲ್ಲ?" ಎಂದ ರುದ್ರಣ್ಣ, ಹುಬ್ಬೇರಿಸಿ.

"ಅದು ಸೀಸರನಿಗೆ ಹತ್ತಿರ. ನೀನು ಏನೂ ಓದದೆ ಸರಿಯಾದದ್ದು ಇದೊಂದೇ."

ರುದ್ರಣ್ಣ ಮಂಜುವಿನ ಕಡೆ ತಿರುಗಿ, ಇದನ್ನು ಬ್ಯಾನರಿನಲ್ಲಿ ಹಾಕಲು ಬರುತ್ತದೆಯೇ ಎಂದು ಕೇಳಿದ.

ಮಂಜುವಿಗೆ ಬೇಗ ಮುಗಿಯಬೇಕಿತ್ತು. "ಈಗ ಯಾರೂ ಇಷ್ಟೆಲ್ಲ ಬರೆಯುವುದಿಲ್ಲ ತಾತ. ಗಂಡು ಹೆಣ್ಣು ಒಂದು ಹಲವು ಎಲ್ಲ ತಲೆನೋವೆಂದು 'ಅಲಂ' ಎಂದು ಕತ್ತರಿಸಿಬಿಟ್ಟಿದ್ದಾರೆ."

"ಅಲಂ ಎಂದರೆ ಪಟಿಕ ಅಲ್ಲವೇ?" ಎಂದರು ರಾಯರು. "ಕ್ಷೌರವಾದ ಮೇಲೆ ಕೆನ್ನೆಗೆ ಉಜ್ಜುವುದು."

"ಹೌದು, ಉರಿಯುತ್ತದೆ. ಈ ಅಲಂ ಕೂಡ ವಾಟ್ಸಾಪ್ ಗುಂಪಿನಲ್ಲಿ ಮೂರು ತಿಂಗಳಾದ ಮೇಲೆ ಉರಿಯುತ್ತದೆ. ಆದರೆ ಎರಡಕ್ಕೂ ನೆಂಟಸ್ತಿಕೆ ಇಲ್ಲ. ಪಟಿಕಕ್ಕೆ ಲ್ಯಾಟಿನಿನಲ್ಲಿ ಅಲ್ಯೂಮೆನ್; ಮಂಜುವಿನ ಕಂಪ್ಯೂಟರ್ ಒದರುತ್ತಿರುವ ಅಲ್ಯೂಮಿನಿಯಂ ಹುಟ್ಟಿದ್ದು ಅಲ್ಲಿಂದ. ಅಲುಮ್ನಿಯ ನಿಜವಾದ ನೆಂಟರು ರಾಯರ ಕೋರ್ಟಿನಲ್ಲಿದ್ದಾರೆ."

"ನಮ್ಮಲ್ಲಿ ಯಾರಪ್ಪ?"

"ಅಲಿಮನಿ."

ರಾಯರು ಕೈಯಲ್ಲಿದ್ದ ಟೀ ಲೋಟವನ್ನು ಮೇಜಿನ ಮೇಲಿಟ್ಟರು. ನಲವತ್ತು ವರ್ಷ ಜೀವನಾಂಶದ ಅರ್ಜಿ ಬರೆದ ಮನುಷ್ಯ.

"ಅಲೆರೆ ಎಂದು ಲ್ಯಾಟಿನಿನಲ್ಲಿ ಒಂದು ಧಾತು," ಎಂದ ನಂಜಪ್ಪ. "ಉಣಿಸು, ಸಾಕು ಎಂದು ಅರ್ಥ. ಬಿಟ್ಟ ಹೆಂಡತಿಯ ಊಟಕ್ಕೆ ಕೊಡುವುದು ಅಲಿಮನಿ. ಊಟ ಇಳಿಯುವ ದಾರಿ ಅಲಿಮೆಂಟರಿ ಕೆನಾಲ್. ಉಂಡು ಬೆಳೆಯುತ್ತಿರುವವನು ಅಡಾಲಸೆಂಟ್, ಬೆಳೆದು ಮುಗಿದವನು ಅಡಲ್ಟ್. ಅವೂ ಅದೇ ಬೇರು. ಉಣಿಸಿ ಸಾಕಿದ ಮಗು ಅಲುಮ್ನಸ್. ರೋಮಿನಲ್ಲಿ ಶಾಲೆಗೂ ಇದಕ್ಕೂ ಸಂಬಂಧವೇ ಬೇಕಾಗಿರಲಿಲ್ಲ. ಯಾರೋ ಹೆತ್ತು ಬೀದಿಯಲ್ಲಿ ಬಿಟ್ಟ ಕೂಸನ್ನು ಇನ್ನು ಯಾರೋ ಎತ್ತಿಕೊಂಡು ಅನ್ನ ಹಾಕಿದರೆ ಅದು ಅವರ ಅಲುಮ್ನಸ್, ಸಾಕುಮಗ. ಗೋರಿಕಲ್ಲುಗಳ ಮೇಲೆ ಹಾಗೆಂದೇ ಕೆತ್ತಿಸಿದ್ದಾರೆ. ಮಾರ್ಕ್ಸ್ ಕಾರ್ಡ್ ಬೇಕಿಲ್ಲ. ಉಂಡಿದ್ದರೆ ಸಾಕು."

"ಆಲ್ಮಾ ಮೇಟರ್ ಎಂದು ಭಾಷಣದಲ್ಲಿ ಹೇಳುತ್ತಾರಲ್ಲ?" ಎಂದರು ಸರೋಜಮ್ಮ.

"ಉಣಿಸುವ ತಾಯಿ. ರೋಮಿನವರು ಧಾನ್ಯದ ದೇವತೆ ಸೆರೆಸ್‌ಳನ್ನು ಹಾಗೆ ಕರೆಯುತ್ತಿದ್ದರು. ಬೆಳಿಗ್ಗೆ ಮೊಮ್ಮಕ್ಕಳು ಹಾಲಿಗೆ ಸುರಿದುಕೊಳ್ಳುವ ಸೀರಿಯಲ್ ಆಕೆಯ ಹೆಸರಿನದೇ. ಆಮೇಲೆ ಆ ಬಿರುದು ವಿಶ್ವವಿದ್ಯಾಲಯಗಳ ಪಾಲಾಯಿತು. ಇಟಲಿಯ ಬೊಲೊನ್ಯಾದವರು ಈಗಲೂ ತಮ್ಮ ವಿಶ್ವವಿದ್ಯಾಲಯದ ಹೆಸರಿನಲ್ಲೇ ಅದನ್ನು ಸೇರಿಸಿಕೊಂಡಿದ್ದಾರೆ."

"ನಮ್ಮ ಅನ್ನಪೂರ್ಣೇಶ್ವರಿ ಅನ್ನಿ."

"ಆಕೆಯೇ. ಊರು ಬೇರೆ."

ಸಂಸ್ಕೃತದ ವಾಸನೆ ಬಂದದ್ದೇ ರಾಯರು ಎಚ್ಚೆತ್ತರು. "ಅಲುಮ್ನಸ್ ಎಂಬುದರಲ್ಲಿ ಆ 'ಮ್ನ' ಎಲ್ಲಿಂದ ಬಂತು?"

"ನಿಮ್ಮ ಮನೆಯಿಂದಲೇ. ಯಜಮಾನ, ವರ್ಧಮಾನ, ವರ್ತಮಾನ ಎನ್ನುವ ಪದಗಳ ಬಾಲದಲ್ಲಿ 'ಮಾನ' ಇದೆಯಲ್ಲ, ಅದೂ ಇದೂ ಒಂದೇ ಮನೆತನದ ಪ್ರತ್ಯಯ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಅಲುಮ್ನಸ್ ಎಂದರೆ ಸಾಕಿಸಿಕೊಳ್ಳುತ್ತಿರುವವನು. ಪೋಷ್ಯಮಾಣ."

"ಸರಿ, ಹಾಗಾದರೆ ಬ್ಯಾನರಿಗೆ 'ಪೋಷ್ಯಮಾಣರ ಸಮಾವೇಶ' ಎಂದು ಹಾಕೋಣ," ಎಂದರು ರಾಯರು ಉತ್ಸಾಹದಿಂದ.

"ಯಾರೂ ಬರುವುದಿಲ್ಲ," ಎಂದ ರುದ್ರಣ್ಣ. "ಶ್ರಾದ್ಧ ಎಂದುಕೊಳ್ಳುತ್ತಾರೆ."

"ನಮ್ಮವರು ಓದು ಮುಗಿಸಿದವನಿಗೆ ಸ್ನಾತಕ ಎಂದರು. ಸ್ನಾನವಾದವನು," ಎಂದು ರಾಯರು ಬಿಡದೆ ಮುಂದುವರಿಸಿದರು. "ಗುರುಕುಲದಲ್ಲಿ ವ್ರತ ಮುಗಿಸಿ ಮಂಗಳಸ್ನಾನ ಮಾಡಿ ಮನೆಗೆ ಹೊರಟವನು."

"ಸ್ನಾತಕೋತ್ತರ ಎಂದರೆ?" ಎಂದ ಮಂಜು.

"ಒರೆಸಿಕೊಳ್ಳುತ್ತಿರುವವನು," ಎಂದ ನಂಜಪ್ಪ. "ಬೇಗ ಒರೆಸಿಕೋ, ಆರು ತಿಂಗಳಿಂದ ನಿನ್ನ ಎಂ.ಕಾಂ. ಅರ್ಜಿ ಮೇಜಿನ ಮೇಲೇ ಇದೆ."

ಟೀ ಎರಡನೆಯ ಸುತ್ತು ಬಂತು. ರುದ್ರಣ್ಣ ಜೇಬಿನಿಂದ ಪಟ್ಟಿ ತೆಗೆದ. ತಲೆಗೆ ಎರಡೂವರೆ ಸಾವಿರ. ಟೀ ಶರ್ಟ್, ಡ್ರೋನ್, ಶಾಮಿಯಾನ, ಕೇಟರಿಂಗ್, ಗುರುವಂದನೆಗೆ ಮೈಸೂರು ಪೇಟ, ಶಾಲು, ಗಂಧದ ಹಾರ.

"ಪೇಟ ಎಷ್ಟು ಬೇಕು?"

"ಒಂದು. ನಮಗೆ ಪಾಠ ಹೇಳಿದವರಲ್ಲಿ ಉಳಿದಿರುವವರು ಗಣಿತದ ಮೇಷ್ಟರು ಒಬ್ಬರೇ. ತೊಂಬತ್ತು ದಾಟಿದೆ."

"ಅವರನ್ನು ನಾನು ಹೋದ ತಿಂಗಳು ನೋಡಿ ಬಂದೆ," ಎಂದರು ಸರೋಜಮ್ಮ. "ಈ ವರ್ಷ ಆಗಲೇ ನಾಲ್ಕು ಬ್ಯಾಚಿನವರು ಪೇಟ ತೊಡಿಸಿದ್ದಾರೆ. ಗೋಡೆಗೆ ಸಾಲಾಗಿ ತೂಗುಹಾಕಿದ್ದಾರೆ. ಸೊಸೆ ಕೇಳುತ್ತಾಳೆ, ಮುಂದಿನ ಬ್ಯಾಚಿನವರಿಗೆ ಹೇಳಿ ಒಂದು ಮಡಚುವ ವಾಕರ್ ಕೊಡಿಸಲು ಆಗುತ್ತದೆಯೇ ಎಂದು."

ರುದ್ರಣ್ಣ ಪಟ್ಟಿಯಲ್ಲಿ ಪೇಟದ ಮೇಲೆ ಗೀಟು ಎಳೆದ. ಎಳೆದು, ಸ್ವಲ್ಪ ಯೋಚಿಸಿ, ಪೇಟವನ್ನು ಮತ್ತೆ ಬರೆದ. ಫೋಟೊ ಚೆನ್ನಾಗಿ ಬರಬೇಡವೇ. ವಾಕರ್ ಎಂದು ಪಕ್ಕದಲ್ಲಿ ಸೇರಿಸಿದ.

"ಹನುಮಂತಯ್ಯನ ಹೆಸರು ಕಾಣುತ್ತಿಲ್ಲವಲ್ಲ?" ಎಂದ ನಂಜಪ್ಪ, ಪಟ್ಟಿ ಓದುತ್ತ.

"ಅವನು ಚಂದಾ ಕೊಟ್ಟಿಲ್ಲ. ಕೇಳಿದರೆ ಈ ಸಲ ರಾಗಿ ಕೈಕೊಟ್ಟಿತು ಎನ್ನುತ್ತಾನೆ. ಕೊಡದವರ ಭಾವಚಿತ್ರ ಇಲ್ಲವೆಂದು ಗುಂಪಿನಲ್ಲಿ ತೀರ್ಮಾನವಾಗಿದೆ."

"ಟ್ರಾಜನ್ ಒಪ್ಪುವುದಿಲ್ಲ."

"ಅವನು ಯಾವ ಬ್ಯಾಚು?"

"ರೋಮಿನ ಚಕ್ರವರ್ತಿ ಕಣಯ್ಯಾ. ಸುಮಾರು 1900 ವರ್ಷದ ಹಿಂದಿನ ಮಾತು. ಈಗಿನ ತುರ್ಕಿಯ ಉತ್ತರ ಭಾಗದಲ್ಲಿ ಬಿಥಿನಿಯಾ ಎಂದು ಒಂದು ಪ್ರಾಂತ್ಯ. ಅಲ್ಲಿ ಪ್ಲಿನಿ ಎಂಬ ಅಧಿಕಾರಿ. ಅವನಿಗೆ ಒಂದು ತಕರಾರು ಬಂತು: ಸ್ವತಂತ್ರರಿಗೆ ಹುಟ್ಟಿ ಬೀದಿಪಾಲಾದ ಕೂಸುಗಳನ್ನು ಎತ್ತಿಕೊಂಡವರು ಗುಲಾಮರನ್ನಾಗಿ ಬೆಳೆಸಿದ್ದಾರೆ. ಈಗ ಆ ಮಕ್ಕಳು ಬಿಡುಗಡೆ ಕೇಳಿದರೆ ಏನು ಮಾಡುವುದು? ಇಷ್ಟು ವರ್ಷ ಹಾಕಿದ ಅನ್ನದ ಲೆಕ್ಕ ಯಾರು ಕೊಡಬೇಕು? ಪ್ಲಿನಿ ರೋಮಿಗೆ ಪತ್ರ ಬರೆದ. ಟ್ರಾಜನ್ ಉತ್ತರ ಕೊಟ್ಟ: ಅವರಿಗೆ ಬಿಡುಗಡೆಯ ಹಕ್ಕಿದೆ, ಊಟದ ಖರ್ಚು ತೆತ್ತು ಅದನ್ನು ಕೊಂಡುಕೊಳ್ಳಬೇಕಾಗಿಲ್ಲ."

ರಾಯರು ಮುಂದಕ್ಕೆ ಬಾಗಿದ್ದರು. "ಇದು ಲಿಖಿತ ಆದೇಶವೇ?"

"ಪತ್ರ ಈಗಲೂ ಉಳಿದಿದೆ. ಪ್ಲಿನಿಯ ಪತ್ರಗಳ ಹತ್ತನೆಯ ಸಂಪುಟದಲ್ಲಿ."

"ಒಳ್ಳೆಯ ತೀರ್ಪು. ಮೇಲ್ಮನವಿಗೂ ಜಾಗವಿಲ್ಲ." ರಾಯರು ರುದ್ರಣ್ಣನ ಕಡೆ ತಿರುಗಿದರು. "ಹನುಮಂತಯ್ಯನ ಭಾವಚಿತ್ರ ಹಾಕು."

"ಎರಡೂವರೆ ಸಾವಿರ ಟ್ರಾಜನ್ ಕೊಡುತ್ತಾನೆಯೇ?"

"ನಿನ್ನ ಮುಖವನ್ನು ಸ್ವಲ್ಪ ಚಿಕ್ಕದು ಮಾಡಿದರೆ ಹನುಮಂತಯ್ಯನಿಗೆ ಪುಕ್ಕಟೆ ಜಾಗ ಸಿಗುತ್ತದೆ," ಎಂದ ನಂಜಪ್ಪ. ಮಂಜು ಕೇಳಿದ್ದೇ ತಡ ಚಿಕ್ಕದು ಮಾಡಿಬಿಟ್ಟ.

ಚಂದಾ ಎಂದ ಮೇಲೆ ಶಾಲೆಗೆ ಏನು ಕೊಡುವುದೆಂಬ ಮಾತೂ ಬಂತು. ರುದ್ರಣ್ಣನಿಗೆ ಕಮಾನು ಕಟ್ಟಿಸಬೇಕೆಂಬ ಆಸೆ, ಹೆಸರುಗಳ ಸಮೇತ. ಆ ಕಮಾನಿನ ಕೆಳಗೆ ಹಾದುಹೋಗಲು ಮಕ್ಕಳು ಎಷ್ಟಿದ್ದಾರೆ ಎಂದು ಸರೋಜಮ್ಮ ಕೇಳಿದರು. ಇವರೆಲ್ಲ ಕಲಿತ ಮಿಡ್ಲ್ ಸ್ಕೂಲಿನಲ್ಲಿ ಈಗ ಹನ್ನೊಂದು. ಸಮಾವೇಶಕ್ಕೆ ಬರುವ ಮುದುಕರು ನಲವತ್ತು.

"ಅಮೆರಿಕದಲ್ಲಿ ವಿಲಿಯಮ್ಸ್ ಎಂದು ಒಂದು ಕಾಲೇಜು," ಎಂದ ನಂಜಪ್ಪ. "1821ರಲ್ಲಿ ಅದರ ಅಧ್ಯಕ್ಷರೇ ಒಂದಿಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೇರೆ ಊರಿಗೆ ಹೊರಟುಬಿಟ್ಟರು. ಕಾಲೇಜು ಮುಚ್ಚುವ ಹಾಗಾಯಿತು. ಆಗ ಹಳೆಯ ವಿದ್ಯಾರ್ಥಿಗಳು ಸೇರಿ ಸಂಘ ಕಟ್ಟಿ ಉಳಿಸಿಕೊಂಡರು. ಆ ದೇಶದಲ್ಲಿ ಈಗ ನಡೆಯುತ್ತಿರುವ ಅಲುಮ್ನಿ ಸಂಘಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಟೀ ಶರ್ಟ್ ಹಾಕಿಕೊಂಡಿದ್ದರೋ ಇಲ್ಲವೋ ಯಾರೂ ಬರೆದಿಟ್ಟಿಲ್ಲ."

"ನಮ್ಮ ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋದವರು ಯಾರು?" ಎಂದರು ಸರೋಜಮ್ಮ. "ಹಳದಿ ಬಸ್ಸು. ಅದರಲ್ಲಿ ನಮ್ಮ ಮೊಮ್ಮಕ್ಕಳೇ ಕುಳಿತಿದ್ದಾರೆ."

ಯಾರೂ ಏನೂ ಹೇಳಲಿಲ್ಲ. ಹೇಳಲು ಇದ್ದದ್ದೂ ಅಷ್ಟೇ.

"ಆ ಶಾಲೆಯಲ್ಲಿ ನಿಮಗೆ ನೆನಪಿರುವುದೇನು, ನಿಜ ಹೇಳಿ," ಎಂದ ರುದ್ರಣ್ಣ ಮಾತು ಬದಲಿಸಲು. "ನನಗೆ ಪಾಠ ಒಂದೂ ನೆನಪಿಲ್ಲ. ಉಪ್ಪಿಟ್ಟು ನೆನಪಿದೆ."

"ಅಮೆರಿಕದ ಉಪ್ಪಿಟ್ಟು!" ಎಂದರು ಎಲ್ಲರೂ ಒಟ್ಟಿಗೆ.

ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಗೋಧಿ ನುಚ್ಚು, ಹಾಲಿನ ಪುಡಿ. ಮೂಟೆಯ ಮೇಲೆ ಇಂಗ್ಲಿಷ್ ಅಕ್ಷರ. ನಂಜಪ್ಪ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಮೂಟೆಗಳ ಮೇಲೆ. ಹಾಲಿನ ಪುಡಿಯನ್ನು ಕದಡಿ ಕುಡಿಯುವ ಬದಲು ಹಾಗೆಯೇ ಬಾಯಿಗೆ ಹಾಕಿಕೊಂಡರೆ ಅದು ಅಂಗುಳಿಗೆ ಮೆತ್ತಿಕೊಂಡು ಮಧ್ಯಾಹ್ನದ ಮಗ್ಗಿ ಹೇಳಲಾಗದೆ ಪೆಟ್ಟು ತಿಂದದ್ದು ರಾಯರಿಗೆ ನೆನಪಿತ್ತು. ಒಲೆಯ ಮುಂದೆ ಕೂತಿರುತ್ತಿದ್ದ ಆಯಾ ತಳ ಹಿಡಿದ ಉಪ್ಪಿಟ್ಟನ್ನು ಯಾರಿಗೆ ಕೆರೆದು ಕೊಡುತ್ತಿದ್ದಳು ಎಂಬುದರ ಮೇಲೆ ಜಗಳವೇ ಆಯಿತು. ರುದ್ರಣ್ಣ ತನಗೆ ಎಂದ. ಸರೋಜಮ್ಮ ತಮಗೆ ಎಂದರು. ಐವತ್ತೈದು ವರ್ಷ ಕಳೆದರೂ ಇಬ್ಬರೂ ಪಟ್ಟು ಬಿಡಲಿಲ್ಲ.

"ಇದರ ಪ್ರಕಾರ ನನ್ನ ಆಲ್ಮಾ ಮೇಟರ್ ಅಮೆರಿಕ," ಎಂದ ರುದ್ರಣ್ಣ. "ಚಂದಾ ವಾಷಿಂಗ್ಟನ್ನಿಗೆ ಕಳುಹಿಸಬೇಕಾಗುತ್ತದೆ. ನಾನು ತಟ್ಟೆ ಮನೆಯಿಂದ ತೆಗೆದುಕೊಂಡು ಹೋಗುತ್ತಿದ್ದೆ. ಉಪ್ಪಿಟ್ಟು ತಿಂದ ಮೇಲೆ ಅದರ ಮೇಲೆಯೇ ಕೂತು ಕೆರೆ ಏರಿಯಿಂದ ಜಾರುತ್ತಿದ್ದೆವು. ಸೊಟ್ಟಗಾದರೆ ಅಪ್ಪನಿಗೆ ಗೊತ್ತಾಗಬಾರದೆಂದು ಕಲ್ಲಿನಿಂದ ತಟ್ಟಿ ನೆಟ್ಟಗೆ ಮಾಡುತ್ತಿದ್ದೆವು."

"ಎಂಥ ತಟ್ಟೆ ಅದು?" ಎಂದ ನಂಜಪ್ಪ.

"ಎಲ್ಲರದೂ ಒಂದೇ ಅಲ್ಲವೇ, ಅಲ್ಯೂ..." ರುದ್ರಣ್ಣ ಅರ್ಧಕ್ಕೇ ನಿಲ್ಲಿಸಿದ. ಮಂಜು ಪರದೆಯನ್ನು ಅವನ ಕಡೆ ತಿರುಗಿಸಿದ. ಅಲ್ಲಿ ಇನ್ನೂ ಕೆಂಪಾಗಿ ಅದೇ ಇತ್ತು.

"ಯಂತ್ರಕ್ಕೆ ಮೊದಲೇ ಗೊತ್ತಿತ್ತು," ಎಂದ ನಂಜಪ್ಪ.

ಎಸ್ಸೆಸ್ಸೆಲ್ಸಿಯ ನಂತರ ಪಿಯುಸಿಗೆ ರುದ್ರಣ್ಣ ಸಿದ್ಧಗಂಗೆಯಲ್ಲಿದ್ದ. ಶಿವಕುಮಾರ ಸ್ವಾಮಿಗಳನ್ನು ಹತ್ತಿರದಿಂದ ಕಂಡವನು. ಹಿಂದೆ ಸ್ವಾಮಿಗಳು ಜೋಳಿಗೆ ಹಿಡಿದು ಧಾನ್ಯ ತಂದು ಮಕ್ಕಳಿಗೆ ಉಣಿಸಿದ ಕಥೆಯನ್ನು ಅಡುಗೆಮನೆಯ ಹಿರಿಯರು ಹೇಳುತ್ತಿದ್ದುದನ್ನು ಕೇಳಿದವನು. "ಎರಡು ವರ್ಷ ಇದ್ದೆ. ಎರಡು ವರ್ಷವೂ ಫೇಲಾದೆ. ಒಂದು ಹೊತ್ತಿನ ಊಟ ತಪ್ಪಲಿಲ್ಲ. ಫೇಲಾದ ದಿನವೂ ಬಡಿಸುವವರು ಮುದ್ದೆಯ ಗಾತ್ರ ಕಡಿಮೆ ಮಾಡಲಿಲ್ಲ." ತಡೆದು, ಸ್ವಲ್ಪ ಸಂಕೋಚದಿಂದ ಕೇಳಿದ: "ಫೇಲಾದವನನ್ನು ಅಲುಮ್ನಸ್ ಎನ್ನಬಹುದೇ?"

"ಮಾರ್ಕ್ಸ್ ಕಾರ್ಡ್ ಬೇಕಿಲ್ಲ ಎಂದು ಆಗಲೇ ಹೇಳಿದೆನಲ್ಲ. ಲ್ಯಾಟಿನ್ ಪ್ರಕಾರ ನೀನು ರ‍್ಯಾಂಕ್ ವಿದ್ಯಾರ್ಥಿ."

ರುದ್ರಣ್ಣನ ಮುಖ ಬ್ಯಾನರಿನಲ್ಲಿ ಕಳೆದುಕೊಂಡ ಗಾತ್ರವನ್ನೆಲ್ಲ ಇಲ್ಲಿ ಮರಳಿ ಪಡೆಯಿತು.

ಗುಂಡೂರಾಯರು ಮಾತ್ರ ಮಾತಾಡುತ್ತಿರಲಿಲ್ಲ. ಕೋರ್ಟಿನಲ್ಲಿಯೂ ಅವರು ಸುಮ್ಮನಾದರೆ ಎದುರು ವಕೀಲರಿಗೆ ಭಯ.

"ನಾನು ವಾರಾನ್ನದ ಹುಡುಗ, ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವನು," ಎಂದರು ಕೊನೆಗೆ. "ನಿಮಗೆ ಯಾರಿಗೂ ಹೇಳಿರಲಿಲ್ಲ. ಚಿಕ್ಕಪ್ಪನ ಮನೆಯಲ್ಲಿದ್ದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆಗಲೇ ಆ ಪದ್ಧತಿ ಮುಗಿಯುತ್ತ ಬಂದಿತ್ತು. ಕಾಲೇಜಿಗೆ ಇಲ್ಲಿಗೆ ಬಂದಾಗ ಆರು ಮನೆ ಒಪ್ಪಿಸಿದೆ, ಏಳನೆಯದು ಸಿಗಲಿಲ್ಲ. ಶನಿವಾರ ಬಾಳೆಹಣ್ಣು. ಅದು ಅಭ್ಯಾಸವಾಗಿತ್ತು. ತೊಂದರೆ ಏಕಾದಶಿಯದು. ಅದು ಯಾವ ವಾರ ಬೀಳುತ್ತದೋ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಶುಕ್ರವಾರ ಏಕಾದಶಿ ಬಂದರೆ ಶನಿವಾರವೂ ಸೇರಿ ಎರಡು ದಿನ. ನಾನು ಪಂಚಾಂಗ ನೋಡಲು ಕಲಿತದ್ದು ಭಕ್ತಿಯಿಂದಲ್ಲ."

ನಂಜಪ್ಪನೂ ನಗಲಿಲ್ಲ. ರಾಯರೇ ನಕ್ಕರು.

"ಗುರುವಾರದ ಮನೆಯಲ್ಲಿ ಅತ್ತೆ ಜೋರು. ಬಡಿಸುವಾಗ ಎದುರಿಗೇ ಕೂತಿರುತ್ತಿದ್ದರು. ಹುಡುಗನಿಗೆ ತುಪ್ಪ ಬೇಡ, ಓದುವವನಿಗೆ ನಿದ್ದೆ ಬರುತ್ತದೆ ಎನ್ನುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ಸೊಸೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಎಲೆಗೆ ಮೊದಲು ಒಂದು ಚಮಚ ತುಪ್ಪ ಹಾಕಿ ಅದರ ಮೇಲೆ ಅನ್ನ ಬಡಿಸಿಬಿಡುತ್ತಿದ್ದರು. ಕಲಸುವಾಗ ಕೈಗೆ ಸಿಗುತ್ತಿತ್ತು. ನಾನು ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು. ಲಾ ಕಾಲೇಜಿಗೆ ಬೆಂಗಳೂರಿಗೆ ಹೋಗುವಾಗ ಐದು ಮನೆಗೆ ಹೋಗಿ ನಮಸ್ಕಾರ ಮಾಡಿ ಬಂದೆ. ಗುರುವಾರದ ಮನೆಗೆ ಹೋಗಲಿಲ್ಲ. ಹೋಗಿ ಏನೆಂದು ಹೇಳುವುದು? ತುಪ್ಪ ಎಂದು ಅತ್ತೆಯ ಮುಂದೆ ಹೇಳುವ ಹಾಗಿತ್ತೇ? ಈಗ ಆ ಮನೆಯೂ ಇಲ್ಲ. ಅಲ್ಲಿ ಮೂರು ಅಂತಸ್ತಿನ ಮೊಬೈಲ್ ಅಂಗಡಿ."

"ಅಗ್ರಹಾರದ ಕೊನೆಯಲ್ಲಿ, ಮುಂದೆ ಸಂಪಿಗೆ ಮರವಿದ್ದ ಮನೆಯೇ?" ಎಂದರು ಸರೋಜಮ್ಮ. "ಆಕೆ ಇದ್ದಾರೆ ರಾಯರೇ. ಕ್ಯಾತ್ಸಂದ್ರದಲ್ಲಿ ಮಗನ ಮನೆಯಲ್ಲಿ. ನನ್ನ ಓರಗಿತ್ತಿಯ ಪಕ್ಕದ ಮನೆಯವರು. ಎಂಬತ್ತರ ಹತ್ತಿರ. ಕಿವಿ ಸ್ವಲ್ಪ ಮಂದ, ಉಳಿದಂತೆ ಗಟ್ಟಿ."

ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಆಕೆಗೂ ಒಂದು ಟೀ ಶರ್ಟ್ ಹೇಳೋಣವೇ?" ಎಂದ ರುದ್ರಣ್ಣ ಪೆನ್ನು ಹಿಡಿದು. "ಅಳತೆ ಬೇಕಾಗುತ್ತದೆ."

"ಮಡಿಯ ಹೆಂಗಸಿಗೆ ನೀಲಿ ಟೀ ಶರ್ಟ್! ನಿನ್ನ ತಲೆ," ಎಂದರು ಸರೋಜಮ್ಮ.

"ಆಕೆ ಅಲುಮ್ನಿಯೂ ಅಲ್ಲ," ಎಂದ ನಂಜಪ್ಪ. "ಆಲ್ಮಾ ಮೇಟರ್."

ಮಂಜು ಎದ್ದು ನಿಂತ. "ತಾತ, ಆರು ಗಂಟೆಗೆ ಕರೆಂಟ್ ಹೋಗುತ್ತದೆ. ಪ್ರಿಂಟಿಗೆ ಏನು ಕೊಡಲಿ? ಅಲುಮ್ನಿಯೋ, ಅಲಮ್ನೈಯೋ, ಪೋಷ್ಯಮಾಣವೋ?"

"ಹಳೆಯ ವಿದ್ಯಾರ್ಥಿಗಳು ಎಂದು ಹಾಕು," ಎಂದ ರುದ್ರಣ್ಣ ಪಟ್ಟಿ ಮಡಚುತ್ತ. "ಅಡಿ ಲೆಕ್ಕದಲ್ಲಿ ದುಡ್ಡು ಒಂದೇ ತಾನೆ?"

ಗುಂಡೂರಾಯರಿಗೆ ಬ್ಯಾನರಿನ ಗೊಡವೆಯೇ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ನೋಡುತ್ತಿದ್ದರು. ಗುರುವಾರ ನಾಡಿದ್ದೇ. ಏಕಾದಶಿಯೂ ಅಲ್ಲ, ಅದನ್ನೂ ನೋಡಿಕೊಂಡರು. ಆಮೇಲೆ ಸರೋಜಮ್ಮನ ಕಡೆ ತಿರುಗಿ, ನ್ಯಾಯಾಧೀಶರ ಮುಂದೆಯೂ ಇಳಿಸದಿದ್ದ ದನಿಯನ್ನು ಇಳಿಸಿ ಕೇಳಿದರು:

"ಊಟದ ಹೊತ್ತಿಗೇ ಹೋದರೆ ತಪ್ಪಾಗುತ್ತದೆಯೇ?"